ಸಿಗ್ನಲ್ ಬಳಿಯ ಶಿಲುಬೆ: ಕೆಲವು ಟಿಪ್ಪಣಿಗಳು

ಮಗಳ ಮನೆಗೆ ಬಂದು ಮೂರು ವಾರವಾಯಿತು. ವಾಷಿಂಗ್ಟನ್ನಿನ ಮಗ್ಗುಲಲ್ಲೇ, ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿ. ತರಕಾರಿಗೆ ಹೋಗುವಾಗಲೆಲ್ಲ ಬ್ಲೇಡನ್ಸ್‌ಬರ್ಗ್ ಎಂಬಲ್ಲಿ ಒಂದು ದೊಡ್ಡ ಸಿಗ್ನಲ್ ಸಿಗುತ್ತದೆ. ರಸ್ತೆಗಳು ಕೂಡುವ ಆ ಜಾಗದಲ್ಲಿ, ಹುಲ್ಲು ಬೆಳೆಸಿದ ಒಂದು ತುಂಡು ನೆಲದ ಮೇಲೆ, ಮೂರು ಅಂತಸ್ತಿನ ಮನೆಯಷ್ಟು ಎತ್ತರದ ಶಿಲುಬೆ ನಿಂತಿದೆ. ಮೊದಲ ದಿನ ಹಿಂದೆ ಎಲ್ಲೋ ಚರ್ಚ್ ಇರಬೇಕು ಎಂದುಕೊಂಡು ಕತ್ತು ತಿರುಗಿಸಿ ಹುಡುಕಿದೆ. ಚರ್ಚ್ ಇಲ್ಲ. ಶಿಲುಬೆ ಒಂಟಿಯಾಗಿ ಟ್ರಾಫಿಕ್ ಕಾಯುತ್ತಿದೆ.

ಅಳಿಯನನ್ನು ಕೇಳಿದೆ. "ಅದಾ ಮಾವ, ಯುದ್ಧದ ಸ್ಮಾರಕ. ಸರ್ಕಾರದ್ದು. ದೊಡ್ಡ ಕೇಸ್ ಆಗಿತ್ತು, ಸುಪ್ರೀಂ ಕೋರ್ಟಿಗೆ ಹೋಗಿತ್ತು" ಎಂದ. ಅಷ್ಟರಲ್ಲಿ ಹಸಿರು ಬಿತ್ತು. ಹಿಂದಿನ ಸೀಟಿನಲ್ಲಿದ್ದ ನನ್ನವಳು ಆಗಲೇ ಕೈಮುಗಿದು ಕಣ್ಣಿಗೊತ್ತಿಕೊಂಡಾಗಿತ್ತು.

*

ನನ್ನವಳು ಕೈಮುಗಿದದ್ದರಲ್ಲಿ ವಿಶೇಷವೇನೂ ಇಲ್ಲ. ಬೆಂಗಳೂರಿನ ವಿವೇಕನಗರದ ಬಾಲ ಯೇಸು ಚರ್ಚಿಗೆ ಗುರುವಾರ ಗುರುವಾರ ಮೇಣದಬತ್ತಿ ಹಿಡಿದು ಹೋಗುವವರಲ್ಲಿ ಹಣೆಗೆ ಕುಂಕುಮ ಇಟ್ಟವರು ಎಷ್ಟು ಜನ! ಆದರೆ ಮನೆಗೆ ಬಂದು ತೀರ್ಪನ್ನು ಓದತೊಡಗಿದ ಮೇಲೆ ಆ ಕೈಮುಗಿತ ಬೇರೆಯಾಗಿಯೇ ಕಾಣತೊಡಗಿತು. ಈ ಶಿಲುಬೆಯ ಬಗ್ಗೆ ವಕೀಲರು ವರ್ಷಗಟ್ಟಲೆ ವಾದಿಸಿದ್ದು ಇದನ್ನೇ: ದಾರಿಹೋಕರು ಇದನ್ನು ಕಂಡರೆ ಏನೆಂದುಕೊಳ್ಳುತ್ತಾರೆ? ಸೈನಿಕರ ನೆನಪೋ, ದೇವರೋ?

"ಅದು ದೇವರಲ್ಲ ಕಣೇ, ಯುದ್ಧದಲ್ಲಿ ಸತ್ತವರ ಸ್ಮಾರಕ" ಎಂದೆ.

"ಸತ್ತವರೂ ದೇವರೇ ಅಲ್ವಾ" ಎಂದಳು. ಈ ವಾದವನ್ನು ಆ ನ್ಯಾಯಾಲಯದಲ್ಲಿ ಯಾರೂ ಮಂಡಿಸಿದಂತಿಲ್ಲ.

*

ಇವತ್ತು ಹಟ ಹಿಡಿದು ನಡೆದೇ ಹೋದೆ. ಈ ದೇಶದಲ್ಲಿ ರಸ್ತೆ ಬದಿ ನಡೆಯುವವನನ್ನು ಕಂಡರೆ ಕಾರಿನವರಿಗೆ ಅನುಮಾನ: ಕಾರು ಕೆಟ್ಟಿದೆಯೋ, ತಲೆ ಕೆಟ್ಟಿದೆಯೋ ಎಂದು.

ಹತ್ತಿರದಿಂದ ನೋಡಿದರೆ ಶಿಲುಬೆ ಕಲ್ಲಿನದಲ್ಲ, ಕಾಂಕ್ರೀಟಿನದು. ತಿಳಿಕಂದು ಮೈ, ಅದರಲ್ಲಿ ಗುಲಾಬಿ ಬಣ್ಣದ ಗ್ರಾನೈಟ್ ಚೂರುಗಳು ಮೇಲೆದ್ದು ಕಾಣುತ್ತವೆ. ನಮ್ಮ ಮೊಸಾಯಿಕ್ ನೆಲವನ್ನು ಪಾಲಿಶ್ ಮಾಡದೆ ಎತ್ತಿ ನಿಲ್ಲಿಸಿದ ಹಾಗೆ. ಮಾಡಿದವನು ಜಾನ್ ಜೋಸೆಫ್ ಅರ್ಲಿ ಎಂಬ ಶಿಲ್ಪಿ. ಕಾಂಕ್ರೀಟಿನಲ್ಲಿ ಕಲ್ಲಚೂರು ಹೀಗೆ ತೋರಿಸುವುದೇ ಅವನ ಕೈಚಳಕವಂತೆ. ತೋಳುಗಳು ಕೂಡುವ ನಡುವೆ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಲಾಂಛನ. ಬುಡದಲ್ಲಿ ಕಂಚಿನ ಫಲಕ, ಅದರಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದ ಈ ಕೌಂಟಿಯ 49 ಮಂದಿಯ ಹೆಸರು. ಕರಿಯರು ಬಿಳಿಯರು ಒಂದೇ ಪಟ್ಟಿಯಲ್ಲಿ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಅಮೆರಿಕದ ಸೈನ್ಯ ಆಗ ಅವರನ್ನು ಬೇರೆ ಬೇರೆ ದಳಗಳಲ್ಲಿ ಇಟ್ಟು ಕಾದಾಡಿಸಿತ್ತು.

ಬುಡದ ಸುತ್ತ ನಾಲ್ಕು ಪದಗಳಿವೆ. ಶೌರ್ಯ, ಸಹನೆ, ಧೈರ್ಯ, ಇಷ್ಟನ್ನು ಸಲೀಸಾಗಿ ಕನ್ನಡಕ್ಕೆ ತಂದುಕೊಂಡೆ. ನಾಲ್ಕನೆಯದು 'ಡಿವೋಷನ್'. ಪೆನ್ನು ನಿಂತಿತು. ಇದು ಭಕ್ತಿಯೋ ನಿಷ್ಠೆಯೋ? ಭಕ್ತಿ ಎಂದು ಬರೆದರೆ ಕೇಸು ಹಾಕಿದವರು ಗೆದ್ದರು, ನಿಷ್ಠೆ ಎಂದು ಬರೆದರೆ ಸರ್ಕಾರ ಗೆದ್ದಿತು. ದೇಶಭಕ್ತಿ ಎಂದು ಬರೆದು ಇಬ್ಬರನ್ನೂ ಸಮಾಧಾನ ಮಾಡಬಹುದು. ನಮ್ಮಲ್ಲಿ ಆ ಪದ ಈ ಕೆಲಸವನ್ನು ಬಹಳ ಕಾಲದಿಂದ ಮಾಡಿಕೊಂಡು ಬಂದಿದೆ.

*

ಎತ್ತರದ ವಿಷಯ. ಎಲ್ಲರೂ 40 ಅಡಿ ಎನ್ನುತ್ತಾರೆ. ತೀರ್ಪಿನಲ್ಲಿ 32 ಅಡಿ ಎಂದಿದೆ. ಪೀಠವನ್ನು ಬಿಟ್ಟು ಅಳೆದಿದ್ದಾರೆ. ಉಳಿಸುವವರು ಅಳೆದಾಗ ಗಿಡ್ಡ, ತೆಗೆಸುವವರು ಅಳೆದಾಗ ಎತ್ತರ. ಜಮೀನಿನ ಸರ್ವೆ ನಮ್ಮೂರಲ್ಲೂ ಹೀಗೇ ಆಗುವುದು.

*

ಇದನ್ನು ನಿಲ್ಲಿಸಬೇಕೆಂದು ಊರಿನ ಜನ ಕೂಡಿ ತೀರ್ಮಾನಿಸಿದ್ದು 1918ರ ಕೊನೆಗೆ. ಸತ್ತವರ ತಾಯಂದಿರೂ ಅದರಲ್ಲಿದ್ದರು. 1922ರಲ್ಲಿ ಕೈಯಲ್ಲಿದ್ದ ದುಡ್ಡು ಮುಗಿಯಿತು, ಕೆಲಸ ನಿಂತಿತು, ಲೀಜನ್ನಿನವರು ಹೆಗಲು ಕೊಟ್ಟರು. 1925ರ ಜುಲೈ 12ರಂದು ಅನಾವರಣ. ಅಂದು ಒಬ್ಬ ಕ್ಯಾಥೊಲಿಕ್ ಪಾದ್ರಿ ಪ್ರಾರ್ಥನೆ ಆರಂಭಿಸಿದರು, ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿ ಮುಗಿಸಿದರು. ಆಗ ಅದೇ ಸರ್ವಧರ್ಮ ಸಮನ್ವಯ ಅನ್ನಿಸಿರಬೇಕು. 1961ರಲ್ಲಿ, ರಸ್ತೆಗಳ ನಡುವೆ ಸಿಕ್ಕಿಕೊಂಡ ಈ ಜಾಗವನ್ನೂ ಶಿಲುಬೆಯನ್ನೂ ರಾಜ್ಯದ ಉದ್ಯಾನ ಮತ್ತು ಯೋಜನಾ ಆಯೋಗ ತನ್ನ ವಶಕ್ಕೆ ಪಡೆಯಿತು. ಅಲ್ಲಿಂದ ದೀಪ, ದುರಸ್ತಿ, ಹುಲ್ಲು ಎಲ್ಲ ಸಾರ್ವಜನಿಕ ಖರ್ಚು. ಮೊಕದ್ದಮೆಯ ಹೊತ್ತಿಗೆ 1,17,000 ಡಾಲರ್ ಖರ್ಚಾಗಿತ್ತು, ಇನ್ನೊಂದು ಲಕ್ಷ ಡಾಲರ್ ತೆಗೆದಿಟ್ಟಿದ್ದರು.

ಆ ತಾಯಂದಿರಲ್ಲಿ ಒಬ್ಬಾಕೆ, ಸಮಿತಿಯ ಖಜಾಂಚಿ, ಒಬ್ಬ ಸೆನೆಟರ್‌ಗೆ ಬರೆದ ಪತ್ರ ತೀರ್ಪಿನಲ್ಲಿದೆ. ಮಗ ಫ್ರಾನ್ಸಿನಲ್ಲಿ ಸತ್ತ. ತನ್ನ ಪಾಲಿಗೆ ಈ ಶಿಲುಬೆಯೇ ಒಂದು ರೀತಿಯಲ್ಲಿ ಅವನ ಗೋರಿಕಲ್ಲು ಎನ್ನುತ್ತಾಳೆ. ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹೆಣ ಕಾಣದ ತಾಯಿಗೆ ಹೋಗಿ ನಿಲ್ಲಲು ಒಂದು ಜಾಗ ಬೇಕು, ಅಷ್ಟೆ. ಅದನ್ನು ತಪ್ಪು ಎನ್ನುವ ಎದೆ ಯಾರಿಗಿದೆ?

ಆದರೆ ಗೋರಿಕಲ್ಲಿನ ಮೇಲೆ ಶಿಲುಬೆ ಯಾಕೆ ಇರುತ್ತದೆ? ಮಗ ಯೇಸುವಿನ ಮಡಿಲಲ್ಲಿದ್ದಾನೆ, ಮತ್ತೆ ಏಳುತ್ತಾನೆ ಎಂಬ ನಂಬಿಕೆಯಿಂದ. ಆ ತಾಯಿಯ ಮಟ್ಟಿಗೆ ಶಿಲುಬೆ ಪೂರ್ತಿ ದೇವರದ್ದೇ. ನನ್ನ ಗೊಂದಲ ಶುರುವಾಗುವುದು ಇಲ್ಲಿ.

*

2014ರಲ್ಲಿ ಅಮೆರಿಕನ್ ಹ್ಯೂಮನಿಸ್ಟ್ ಅಸೋಸಿಯೇಷನ್ ಎಂಬ ಸಂಸ್ಥೆಯೂ ಕೆಲವು ಸ್ಥಳೀಯರೂ ಕೇಸು ಹಾಕಿದರು. ಸರ್ಕಾರ ಯಾವ ಧರ್ಮವನ್ನೂ ತನ್ನದೆಂದು ಸ್ಥಾಪಿಸಬಾರದು ಎಂಬುದು ಇಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ. ಸರ್ಕಾರಿ ನೆಲದಲ್ಲಿ, ಸರ್ಕಾರಿ ದುಡ್ಡಿನಲ್ಲಿ, ಈ ಎತ್ತರದ ಶಿಲುಬೆ ಏನು ಹೇಳುತ್ತದೆ ಎಂಬುದು ಅವರ ಪ್ರಶ್ನೆ. 2015ರಲ್ಲಿ ಸೋತರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದರು. ಬೇರೆಡೆಗೆ ಸಾಗಿಸಿ, ಇಲ್ಲವೇ ಕೆಡವಿ, ಅದೂ ಆಗದಿದ್ದರೆ ಎರಡು ತೋಳು ಕತ್ತರಿಸಿ ಎಂಬ ಸಲಹೆಯೂ ಆ ನಡುವೆ ಬಂತು. ತೋಳು ಹೋದರೆ ಉಳಿಯುವುದು ಕಂಬ; ಕಂಬಕ್ಕೆ ಜಾತಿಯಿಲ್ಲ! ಇದನ್ನು ಗಂಭೀರವಾಗಿಯೇ ಚರ್ಚಿಸಿದ್ದಾರೆ.

2019ರ ಜೂನ್ 20ರಂದು ಸುಪ್ರೀಂ ಕೋರ್ಟ್ 7-2ರಲ್ಲಿ ಶಿಲುಬೆ ಇರಲಿ ಎಂದಿತು. ಮುಖ್ಯ ತೀರ್ಪು ಬರೆದವರು ಸ್ಯಾಮ್ಯುಯೆಲ್ ಅಲಿಟೊ. ಶಿಲುಬೆ ಕ್ರೈಸ್ತರ ಚಿಹ್ನೆ ಎಂಬುದನ್ನು ಅವರು ಅಲ್ಲಗಳೆಯುವುದಿಲ್ಲ. ಆದರೆ ಮೊದಲ ಮಹಾಯುದ್ಧದ ಸ್ಮಶಾನಗಳಲ್ಲಿ ಸಾಲುಸಾಲು ಶಿಲುಬೆಗಳನ್ನು ಜಗತ್ತು ನೋಡಿದ ಮೇಲೆ ಅದಕ್ಕೆ ಇನ್ನೊಂದು ಅರ್ಥ ಹುಟ್ಟಿತು, ಕಾಲ ಕಳೆದಂತೆ ಅದು ಊರಿನ ಗುರುತೂ ಆಯಿತು, ಈಗ ಕಿತ್ತರೆ ಅದು ತಟಸ್ಥತೆಯಲ್ಲ, ಧರ್ಮದ ಮೇಲಿನ ಹಗೆಯಂತೆ ಕಾಣುತ್ತದೆ ಎಂದು ವಾದಿಸುತ್ತಾರೆ.

ಈಗ ನೋಡಿ ತಮಾಷೆ. ಶಿಲುಬೆಯನ್ನು ಪ್ರೀತಿಸುವವರು ನ್ಯಾಯಾಲಯಕ್ಕೆ ಹೋಗಿ, ಇದು ಬರೀ ಶಿಲುಬೆಯಲ್ಲ ಸ್ವಾಮಿ, ತ್ಯಾಗದ ಸಂಕೇತ, ಇತಿಹಾಸದ ಗುರುತು ಎನ್ನಬೇಕಾಯಿತು. ದೇವರನ್ನೇ ಒಪ್ಪದವರು, ಇಲ್ಲ ಇಲ್ಲ, ಇದು ಪರಮ ಪವಿತ್ರವಾದ ಶಿಲುಬೆಯೇ, ಬೇರೇನೂ ಅಲ್ಲ ಎಂದು ಪಟ್ಟು ಹಿಡಿದರು. ನಾಸ್ತಿಕರ ಬಾಯಲ್ಲಿ ದೇವರ ಮಹಿಮೆ, ಭಕ್ತರ ಬಾಯಲ್ಲಿ ದೇವರ ಜಾಮೀನು ಅರ್ಜಿ. ಮನೆ ಉಳಿಸಿಕೊಳ್ಳಲು ಅಪ್ಪನನ್ನೇ ಬಾಡಿಗೆದಾರ ಎಂದು ತೋರಿಸಿದ ಹಾಗಾಯಿತು.

ಭಿನ್ನಮತ ಬರೆದವರು ರೂತ್ ಬೇಡರ್ ಗಿನ್ಸ್‌ಬರ್ಗ್. ಸೋನಿಯಾ ಸೊಟೊಮೇಯರ್ ಅವರ ಜೊತೆ ನಿಂತರು. ಗಿನ್ಸ್‌ಬರ್ಗ್ ಮಾತು ನೇರ: ದಾವೀದನ ನಕ್ಷತ್ರ ಇಟ್ಟು ಕ್ರೈಸ್ತ ಸೈನಿಕರನ್ನು ಗೌರವಿಸಲು ಆಗದಿದ್ದರೆ, ಶಿಲುಬೆ ಇಟ್ಟು ಬೇರೆಯವರನ್ನು ಗೌರವಿಸಲೂ ಆಗದು. ಶಿಲುಬೆ ಕ್ರೈಸ್ತ ಸಮಾಧಿಯ ಮೇಲೆ ಇರುವುದೇ ಅದು ಕ್ರೈಸ್ತ ಎಂಬ ಕಾರಣಕ್ಕೆ.

ಶಿಲುಬೆಗೆ ಹೆಚ್ಚು ಮರ್ಯಾದೆ ಕೊಟ್ಟದ್ದು ಈ ಭಿನ್ನಮತ ಎಂದು ನನ್ನ ತೀರ್ಮಾನ. ಆ ತಾಯಿಯ ಪತ್ರವನ್ನು ಅದರ ಪೂರ್ತಿ ತೂಕದಲ್ಲಿ ತೆಗೆದುಕೊಂಡರೆ ತಲುಪುವುದು ಗಿನ್ಸ್‌ಬರ್ಗ್ ಹತ್ತಿರಕ್ಕೇ.

*

ಯಾರು ಯಾವ ಕಡೆ ಎಂದು ಪಟ್ಟಿ ಮಾಡಲು ಹೋಗಿ ಸೋತೆ. ಆಯೋಗದ ಪರವಾಗಿ, ಅಂದರೆ ಶಿಲುಬೆಯ ಪರವಾಗಿ, ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ್ದು ನೀಲ್ ಕತ್ಯಾಲ್. ಅವರ ತಂದೆತಾಯಿ ಭಾರತದಿಂದ ವಲಸೆ ಬಂದವರು. ಶಿಲುಬೆ ಇರಲಿ ಎಂದ ಏಳು ಮಂದಿಯಲ್ಲಿ ಸ್ಟೀಫನ್ ಬ್ರೆಯರ್, ಎಲೆನಾ ಕೇಗನ್ ಇಬ್ಬರೂ ಯಹೂದಿಗಳು. ಬೇಡ ಎಂದ ಇಬ್ಬರಲ್ಲಿ ಗಿನ್ಸ್‌ಬರ್ಗ್ ಯಹೂದಿ, ಸೊಟೊಮೇಯರ್ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವರು. ನಮ್ಮ ಟೀವಿ ಚರ್ಚೆಗಳಲ್ಲಿ ಹೆಸರು ಕೇಳಿದ ಕೂಡಲೇ ವಾದ ಏನೆಂದು ಹೇಳಬಹುದು. ಇಲ್ಲಿ ಹೇಳಲಾಗಲಿಲ್ಲ. ಹೊಟ್ಟೆಕಿಚ್ಚಾಯಿತು.

*

ತೀರ್ಪಿನ ಒಂದು ಎಳೆ ನನಗೆ ಬಹಳ ಪರಿಚಿತ. ಹಳೆಯ ಸ್ಮಾರಕವಾದರೆ ಅದು ಸಂವಿಧಾನಬದ್ಧ ಎಂದು ಭಾವಿಸಿಯೇ ಹೊರಡಬೇಕು, ಹೊಸದಾಗಿ ನಿಲ್ಲಿಸುವುದಾದರೆ ಮಾತು ಬೇರೆ. ಇದಕ್ಕೆ ನಮ್ಮಲ್ಲಿ ಅಕ್ರಮ-ಸಕ್ರಮ ಎನ್ನುತ್ತಾರೆ.

ಹಾಸ್ಯಕ್ಕೆ ಹೇಳುತ್ತಿಲ್ಲ. ರಸ್ತೆ, ಪಾರ್ಕುಗಳಲ್ಲಿ ಹೊಸದಾಗಿ ಅನಧಿಕೃತ ಗುಡಿ, ಮಸೀದಿ, ಚರ್ಚು ಕಟ್ಟಲು ಬಿಡಬಾರದೆಂದು ನಮ್ಮ ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು ಆದೇಶಿಸಿತು. ಆ ಆದೇಶದ ಪಾಲನೆಗೆಂದು 2021ರ ಸೆಪ್ಟೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ಮಹದೇವಮ್ಮ ಗುಡಿಯನ್ನು ಕೆಡವಿದ್ದೇ ತಡ, ಗಲಾಟೆ ಎದ್ದು, ಅದೇ ತಿಂಗಳು ವಿಧಾನಮಂಡಲ ಧಾರ್ಮಿಕ ಕಟ್ಟಡಗಳ ಸಂರಕ್ಷಣೆಗೆ ಕಾನೂನು ಮಾಡಿತು. ಈಗಾಗಲೇ ಇರುವುದು ಇರಲಿ, ಹೊಸದು ಬೇಡ. ಅಲ್ಲೂ ಇಲ್ಲೂ ಒಂದೇ ಬುದ್ಧಿ: ದೇವರು ಕೂತ ಮೇಲೆ ಎಬ್ಬಿಸುವುದು ಕಷ್ಟ.

*

ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಕಥೆ ಇನ್ನೂ ವಿಚಿತ್ರ. 1934ರಲ್ಲಿ ಮಾಜಿ ಸೈನಿಕರು ಒಂದು ಬಂಡೆಯ ಮೇಲೆ ಮರದ ಶಿಲುಬೆ ನೆಟ್ಟರು. ಆ ಮರುಭೂಮಿ ಮುಂದೆ ರಾಷ್ಟ್ರೀಯ ಸಂರಕ್ಷಿತ ಪ್ರದೇಶವಾಯಿತು. 1999ರಲ್ಲಿ ಯಾರೋ, ಹಾಗಾದರೆ ಪಕ್ಕದಲ್ಲಿ ಒಂದು ಬೌದ್ಧ ಸ್ತೂಪ ಕಟ್ಟಲೇ ಎಂದು ಕೇಳಿದರೆ ರಾಷ್ಟ್ರೀಯ ಉದ್ಯಾನ ಇಲಾಖೆ ಆಗದು ಎಂದಿತು. ಆಮೇಲೆ ಕೇಸು ಹಾಕಿದಾತ ಅದೇ ಇಲಾಖೆಯ ನಿವೃತ್ತ ಅಧಿಕಾರಿ, ಸ್ವತಃ ಕ್ಯಾಥೊಲಿಕ್. ಕೇಸು ನಡೆಯುವಷ್ಟು ಕಾಲ ಶಿಲುಬೆ ಯಾರಿಗೂ ಕಾಣದ ಹಾಗೆ ಅದಕ್ಕೆ ಪ್ಲೈವುಡ್ ಪೆಟ್ಟಿಗೆ ಹೊದಿಸಿದರು. ಸುಡುವ ಮರುಭೂಮಿಯಲ್ಲಿ, ಬಂಡೆಯ ಮೇಲೆ ಒಂದು ಪ್ಲೈವುಡ್ ಪೆಟ್ಟಿಗೆ! ಚುನಾವಣೆ ಬಂದಾಗ ನಮ್ಮಲ್ಲಿ ನಾಯಕರ ಪ್ರತಿಮೆಗೆ ಬಟ್ಟೆ ಮುಚ್ಚುವುದು ನೆನಪಾಗಿ ನಕ್ಕೆ.

2009ರ ಅಕ್ಟೋಬರಿನಲ್ಲಿ ಅದರ ವಾದ ಕೇಳುವಾಗ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ, ಶಿಲುಬೆಯೆಂದರೆ ಸತ್ತವರು ಮಲಗಿರುವ ಜಾಗದ ಸಾಮಾನ್ಯ ಚಿಹ್ನೆಯಲ್ಲವೇ ಎಂದರು. ಎದುರು ವಕೀಲ, ಕ್ರೈಸ್ತರು ಮಲಗಿರುವ ಜಾಗದ ಚಿಹ್ನೆ, ನಾನು ಯಹೂದಿ ಸ್ಮಶಾನಗಳಿಗೆ ಹೋಗಿದ್ದೇನೆ, ಯಹೂದಿಯ ಗೋರಿಯ ಮೇಲೆ ಎಂದೂ ಶಿಲುಬೆ ಇರುವುದಿಲ್ಲ ಎಂದ. ನ್ಯಾಯಾಲಯದಲ್ಲಿ ನಗು. ಸ್ಕಾಲಿಯಾಗೆ ಸಿಟ್ಟು.

2010ರಲ್ಲಿ 5-4ರ ತೀರ್ಪು ಶಿಲುಬೆಯ ಕಡೆ ವಾಲಿತು. ಕೆಲವೇ ದಿನಗಳಲ್ಲಿ ಶಿಲುಬೆಯೇ ಕಳುವಾಯಿತು. ಕೊನೆಗೆ ಅದು ನಿಂತಿದ್ದ ಒಂದು ಎಕರೆಯನ್ನು ಮಾಜಿ ಸೈನಿಕರ ಸಂಘಕ್ಕೆ ಕೊಟ್ಟು, ಬದಲಿಗೆ ಐದು ಎಕರೆ ಸರ್ಕಾರಕ್ಕೆ ಬರೆಸಿಕೊಂಡು, 2012ರಲ್ಲಿ ಹೊಸ ಶಿಲುಬೆ ನಿಲ್ಲಿಸಿದರು. ಸಂವಿಧಾನದ ಪ್ರಶ್ನೆ ಖಾತಾ ಬದಲಾವಣೆಯಲ್ಲಿ ಮುಗಿಯಿತು. ಸ್ಯಾನ್ ಡಿಯಾಗೊದ ಸೊಲೆಡಾಡ್ ಬೆಟ್ಟದ ಶಿಲುಬೆಯದೂ ಇದೇ ಹಣೆಬರಹ: 1989ರಲ್ಲಿ ಶುರುವಾದ ಜಗಳ, 2015ರಲ್ಲಿ ಜಾಗವನ್ನು ಖಾಸಗಿ ಸಂಘಕ್ಕೆ 14 ಲಕ್ಷ ಡಾಲರಿಗೆ ಮಾರಿದ ಮೇಲೆ ಮುಕ್ತಾಯ.

*

ರಾತ್ರಿ ನಿದ್ದೆ ಬಾರದೆ ವೀರಗಲ್ಲುಗಳನ್ನು ನೆನೆಸಿಕೊಂಡೆ. ನಮ್ಮ ನಾಡಿನ ಯಾವ ಹಳ್ಳಿಯ ಅಂಚಿಗೆ ಹೋದರೂ ಒಂದು ಸಿಗುತ್ತದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ, ನಂದಿ, ಪೂಜೆ. ಸತ್ತವನು ಜೈನನಾದರೆ ಮೇಲೆ ಜಿನ. ತುದಿಯಲ್ಲಿ ಸೂರ್ಯ ಚಂದ್ರ. ದೇವರಿಲ್ಲದ ಸ್ಮಾರಕ ಎಂಬ ಕಲ್ಪನೆಯೇ ಆ ಶಿಲ್ಪಿಗೆ ಇರಲಿಲ್ಲ. ಬೆಂಗಳೂರು ಎಂಬ ಹೆಸರು ಮೊದಲು ಸಿಗುವ ಬೇಗೂರಿನ ಶಾಸನವೂ ಒಂದು ವೀರಗಲ್ಲೇ.

ಆತಕೂರಿನ ಕಲ್ಲಂತೂ ನಾಯಿಯದು. ಹತ್ತನೆಯ ಶತಮಾನದ ನಡುವೆ, ಕಾಳಿ ಎಂಬ ಬೇಟೆನಾಯಿ ಒಂದು ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಗುಡಿಯ ಮುಂದೆ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡ ಪೂಜಾರಿಗೆ ಪಾಪ ಎಂದು ಬರೆಸಿದರು. ಪೂಜೆಗೆ ಸರ್ಕಾರಿ ಭೂಮಿ, ತಪ್ಪಿದರೆ ಶಾಪ. ಅಮೆರಿಕದ ಹ್ಯೂಮನಿಸ್ಟರು ಇದನ್ನು ಕಂಡರೆ ಎಷ್ಟು ಕೇಸು ಹಾಕುತ್ತಿದ್ದರೋ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆದರೆ ಒಂದು ಮಾತು ಗಮನಿಸಬೇಕು. ವೀರಗಲ್ಲಿನ ಮೇಲೆ ಒಬ್ಬ ಸತ್ತವನಿಗೆ ಒಂದು ದೇವರು, ಅವನು ನಂಬಿದ್ದ ದೇವರು. 49 ಜನಕ್ಕೆ ಸೇರಿಸಿ ಒಂದೇ ಲಿಂಗ ಕೆತ್ತಿ, ಇದು ಲಿಂಗವಲ್ಲ ಶೌರ್ಯದ ಸಂಕೇತ ಎಂದು ಯಾರೂ ಹೇಳಲಿಲ್ಲ.

*

ಅದೇ ಮೊದಲ ಮಹಾಯುದ್ಧದಲ್ಲಿ ಸತ್ತ ಬ್ರಿಟಿಷ್ ಸಾಮ್ರಾಜ್ಯದ ಸೈನಿಕರ ಸಮಾಧಿಗಳ ಬಗ್ಗೆ ಲಂಡನ್ನಿನಲ್ಲೂ ಜಗಳವಾಗಿತ್ತು. ಅಲ್ಲಿನ ಯುದ್ಧ ಸಮಾಧಿ ಆಯೋಗ ಎಲ್ಲರಿಗೂ ಒಂದೇ ಅಳತೆಯ ನೆಟ್ಟ ಕಲ್ಲು ಎಂದಿತು; ದೊರೆಯಾಗಲಿ ಆಳಾಗಲಿ, ಯಾವ ಧರ್ಮದವನಾಗಲಿ. ತಮ್ಮ ಮಕ್ಕಳಿಗೆ ಶಿಲುಬೆಯೇ ಬೇಕೆಂದು ಲೇಡಿ ಫ್ಲಾರೆನ್ಸ್ ಸೆಸಿಲ್ ಎಂಬಾಕೆ ಎಂಟು ಸಾವಿರಕ್ಕೂ ಹೆಚ್ಚು ಸಹಿ ಹಾಕಿಸಿ ಮನವಿ ಕೊಟ್ಟಳು. ಆಕೆ ಕಳೆದುಕೊಂಡದ್ದು ಮೂರು ಗಂಡುಮಕ್ಕಳನ್ನು. 1920ರ ಮೇ ತಿಂಗಳಲ್ಲಿ ಪಾರ್ಲಿಮೆಂಟಿನಲ್ಲಿ ಚರ್ಚೆಯಾಗಿ ಆಯೋಗದ ಮಾತೇ ನಿಂತಿತು. ಅದೇ ಹೊತ್ತಿಗೆ ಬ್ಲೇಡನ್ಸ್‌ಬರ್ಗಿನ ತಾಯಿ ತನ್ನ ಪತ್ರ ಬರೆಯುತ್ತಿದ್ದಳು. ಒಬ್ಬಳಿಗೆ ಸಿಕ್ಕಿತು, ಒಬ್ಬಳಿಗೆ ಸಿಗಲಿಲ್ಲ. ಹಾಗೆಂದು ಆ ಆಯೋಗ ಧರ್ಮವನ್ನು ಗಡಿಪಾರು ಮಾಡಲಿಲ್ಲ: ಆ ಕಲ್ಲಿನ ಮೇಲೆ ಮನೆಯವರು ಬೇಕೆಂದ ಚಿಹ್ನೆ ಕೆತ್ತಿಸಿಕೊಟ್ಟಿತು.

ಎಡ್ವಿನ್ ಲಟ್ಯನ್ಸ್ ಲಂಡನ್ನಿನ ಸೆನೊಟಾಫನ್ನೂ ದೆಹಲಿಯ ಇಂಡಿಯಾ ಗೇಟನ್ನೂ ದೇವರ ಚಿಹ್ನೆಯಿಲ್ಲದೆಯೇ ಕಟ್ಟಿದ. ಫ್ರಾನ್ಸಿನ ನೂವ್ ಶಪೆಲ್‌ನಲ್ಲಿ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ ಹೆಸರಿರುವ ಸ್ಮಾರಕದ ಕಂಬದ ತುದಿಯಲ್ಲಿ ಕಮಲವಿದೆ, ಕೆಳಗೆ ದೇವನೊಬ್ಬನೇ ಎಂಬರ್ಥದ ಮಾತು ಹಲವು ಲಿಪಿಗಳಲ್ಲಿದೆ. ಕಮಲ ಧರ್ಮದ್ದೋ ಹೂವೋ? ಬೇಡ, ಅದನ್ನು ಶುರುಮಾಡಿದರೆ ಈ ನೋಟ್‌ಬುಕ್ ಸಾಲದು. ನಮ್ಮ ಮೈಸೂರು ಲಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಹೈಫಾ ಗೆದ್ದರು. ಅವರ ನೆನಪಿಗೆ ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವುದು ಮೂವರು ಸೈನಿಕರ ಪ್ರತಿಮೆ, ಅಷ್ಟೆ. ಅದರ ಮೇಲೆ ಯಾರೂ ಕೇಸು ಹಾಕಲಿಲ್ಲ.

*

ಭಾನುವಾರ ಆರ್ಲಿಂಗ್ಟನ್ ಸ್ಮಶಾನಕ್ಕೆ ಕರೆದುಕೊಂಡು ಹೋದರು. ಗುಡ್ಡದ ತುಂಬ ಬಿಳಿಕಲ್ಲು, ಒಂದೇ ಅಳತೆ. ಪ್ರತಿ ಕಲ್ಲಿನ ನೆತ್ತಿಯಲ್ಲಿ ಅಂಗೈಯೊಳಗೆ ಅಡಗುವಷ್ಟು ಸಣ್ಣ ಚಿಹ್ನೆ. ಬಹುತೇಕ ಶಿಲುಬೆ, ನಡುನಡುವೆ ನಕ್ಷತ್ರ, ಅರ್ಧಚಂದ್ರ. ಸರ್ಕಾರದ ಪಟ್ಟಿಯಲ್ಲಿ 70ಕ್ಕೂ ಹೆಚ್ಚು ಚಿಹ್ನೆಗಳಿವೆ. ಹಿಂದೂಗಳದ್ದಿದೆ, ನಾಸ್ತಿಕರದ್ದಿದೆ. ವಿಕ್ಕಾ ಪಂಥದವರು ನ್ಯಾಯಾಲಯಕ್ಕೆ ಹೋಗಿ 2007ರಲ್ಲಿ ತಮ್ಮ ಐದು ಮೂಲೆಯ ನಕ್ಷತ್ರವನ್ನು ಪಟ್ಟಿಗೆ ಸೇರಿಸಿಕೊಂಡರು. ಇದು ಸರ್ಕಾರಿ ನೆಲವೇ, ಸರ್ಕಾರಿ ಖರ್ಚೇ. ಇಲ್ಲಿ ಶಿಲುಬೆಯ ಮೇಲೆ ಯಾರಿಗೂ ಸಿಟ್ಟಿಲ್ಲ. ವೀರಗಲ್ಲಿನ ಶಿಲ್ಪಿ ಬಂದರೆ ತಲೆದೂಗುತ್ತಿದ್ದ.

*

ನಾಡಿದ್ದು ವಾಪಸು ಹೊರಡುವುದು. ಯಾರೂ ಕೇಳದಿದ್ದರೂ ನನ್ನ ತೀರ್ಪು ಬರೆದಿಡುತ್ತೇನೆ. ತೋಳು ಕತ್ತರಿಸುವುದು ಅನಾಗರಿಕ, ಅದನ್ನು ತಡೆದದ್ದು ಒಳ್ಳೆಯದಾಯಿತು. ಆದರೆ ಉಳಿಸಿಕೊಳ್ಳಲು ಕೊಟ್ಟ ಕಾರಣ ಸರಿಯಿಲ್ಲ. ಕಟ್ಟಿದವರು ಕ್ರೈಸ್ತರು, ಕ್ರೈಸ್ತರಾಗಿಯೇ ಅತ್ತರು, ಅಂದು ಬೇರೆಯವರ ನೆನಪು ಅವರಿಗೆ ಬರಲಿಲ್ಲ ಎಂದು ಒಪ್ಪಿಕೊಂಡು ಅದನ್ನೇ ಒಂದು ಫಲಕದಲ್ಲಿ ಬರೆದು ಪಕ್ಕದಲ್ಲಿ ನಿಲ್ಲಿಸಬಹುದಿತ್ತು.

ಸಂಜೆ ನನ್ನವಳನ್ನೂ ಕರೆದುಕೊಂಡು ನಡೆದು ಹೋದೆ. ಅವಳು ತಲೆಯೆತ್ತಿ ನೋಡಿ ಕೈಮುಗಿದಳು. ನಾನು ಬಗ್ಗಿ ಫಲಕದ ಹೆಸರುಗಳನ್ನು ಎಣಿಸಿದೆ. ನಲವತ್ತೊಂಬತ್ತು. ಯಾರ ಹೆಸರಿನ ಮುಂದೆಯೂ ಧರ್ಮ ಬರೆದಿಲ್ಲ.